ಶರಣಪುರದ ಮಕ್ಕಳು

ದೇವಳಾಲಿ ಕ್ಯಾಂಪ್ ಎಂದೊಡನೆ ಹೊರಗಿನವರಿಗೆ ನೆನಪಾಗುವುದು ದಂಡು, ತೋಪಖಾನೆಯ ಶಾಲೆ, ಹಿತವಾದ ಹವೆ. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಆಂಗ್ಲ ಸೈನಿಕರು ಸ್ವದೇಶದ ಹಡಗನ್ನು ಕಾಯುತ್ತ ಇಲ್ಲಿ ತಿಂಗಳುಗಟ್ಟಲೆ ಕುಳಿತು ಬೇಸತ್ತು ಬುದ್ಧಿ ಕೆಡಿಸಿಕೊಂಡರೆಂದೂ, ಅದರಿಂದ ಈ ಊರಿನ ಹೆಸರು 'ಡೂಲಾಲಿ' ಎಂದು ಅಪಭ್ರಂಶಗೊಂಡು ಅವರ ಆಡುನುಡಿಯಲ್ಲಿ ಹುಚ್ಚಿಗೆ ಪರ್ಯಾಯಪದವಾಯಿತೆಂದೂ ನಿಘಂಟುಕಾರರು ಹೇಳುತ್ತಾರೆ. ಬ್ಯಾಂಕಿನ ಉದ್ಯೋಗದ ನಿಮಿತ್ತ ಇಲ್ಲಿಗೆ ಬಂದ ನನ್ನ ಕಣ್ಣಿಗೆ ಮೊದಲು ಬಿದ್ದದ್ದು ಬೇರೊಂದು ಸಂಗತಿ. ಪಾರಸಿಗಳು, ಬೋಹ್ರಾಗಳು, ಗುಜರಾತಿ ವರ್ತಕರು ತಮ್ಮ ತಮ್ಮ ಸಮಾಜದವರಿಗಾಗಿ ಕಟ್ಟಿಸಿದ ಆರೋಗ್ಯಧಾಮಗಳು ಇಲ್ಲಿ ಅನೇಕವಾಗಿವೆ. ಇಂಥ ಧರ್ಮಸಂಸ್ಥೆಗಳ ಬಾಗಿಲಲ್ಲಿ ಎಲ್ಲ ಊರುಗಳಲ್ಲಿಯೂ ಇರುವಂತೆ ಇಲ್ಲಿಯೂ ಶಿಲಾಫಲಕಗಳಿವೆ. ಕೊಟ್ಟವರು ಯಾರು, ಯಾರ ಸ್ಮರಣಾರ್ಥವಾಗಿ ಕೊಟ್ಟರು ಎಂಬುದನ್ನು ಅವು ಸ್ಪಷ್ಟವಾಗಿ ಸಾರುತ್ತವೆ.

ಲೆಕ್ಕದ ಪುಸ್ತಕ ಬರೆದು ರೂಢಿಯಾದವನಿಗೆ ಇಂಥ ಫಲಕಗಳನ್ನು ಓದುವಾಗ ಒಂದು ಪ್ರಶ್ನೆ ತಾನಾಗಿ ಏಳುತ್ತದೆ. ಜಮೆಯ ಬದಿಯಲ್ಲಿ ಪ್ರತಿಯೊಬ್ಬನ ಹೆಸರೂ ಇದೆ. ಖರ್ಚಿನ ಬದಿಯಲ್ಲಿ ಹೆಸರುಗಳು ಎಲ್ಲಿ? ದಾನದ ಇತಿಹಾಸವನ್ನು ನಾವು ಬರೆಯುವುದು ದಾನಿಗಳ ಇತಿಹಾಸವಾಗಿ. ಪಡೆದವರು, ಅದರಲ್ಲಿಯೂ ಮನೆಮಾರಿಲ್ಲದ ಮಕ್ಕಳು, ಆ ಇತಿಹಾಸದಲ್ಲಿ 'ಇಷ್ಟು ಮಂದಿ' ಎಂಬ ಸಂಖ್ಯೆಯಾಗಿ ಉಳಿಯುತ್ತಾರೆ. ಆ ಸಂಖ್ಯೆಯ ಒಳಗಿನಿಂದ ಕೆಲವು ಮಕ್ಕಳು ಹೆಸರು ಹಿಡಿದು ಎದ್ದುಬಂದ ಒಂದು ಅಪೂರ್ವ ಪ್ರಸಂಗ ದೇವಳಾಲಿಯ ನೆರೆಯಲ್ಲಿಯೇ, ನಾಸಿಕದ ಶರಣಪುರದಲ್ಲಿ ನಡೆಯಿತು. ಅದನ್ನು ಕನ್ನಡ ವಾಚಕರ ಮುಂದಿಟ್ಟು, ಅನಾಥಪಾಲನೆ ಎಂಬ ಪುಣ್ಯಕಾರ್ಯವನ್ನು ಯಾವ ಅಳತೆಗೋಲಿನಿಂದ ಅಳೆಯಬೇಕೆಂಬುದನ್ನು ವಿಚಾರಿಸುವುದು ಈ ಲೇಖನದ ಉದ್ದೇಶ.

೧. ದೇವಳಾಲಿಯ ಶಾಲೆಯ ಪೂರ್ವಕಥೆ

ಶರಣಪುರಕ್ಕೆ ಹೋಗುವ ಮೊದಲು ದೇವಳಾಲಿಯಲ್ಲಿಯೇ ಇರುವ ಇನ್ನೊಂದು ಸಂಸ್ಥೆಯನ್ನು ಗಮನಿಸುವುದು ಯುಕ್ತ. ಊರಿನ ಹೊರವಲಯದ ಬಾರ್ನ್ಸ್ ಶಾಲೆ ೧೯೨೫ರಲ್ಲಿ ಆರಂಭವಾಯಿತು. ಆದರೆ ಅದರ ಬೇರು ಮುಂಬಯಿಯ ಕೋಟೆಯೊಳಗೆ, ಅದಕ್ಕೂ ಇನ್ನೂರು ವರ್ಷ ಹಿಂದಕ್ಕೆ ಹೋಗುತ್ತದೆ. ಈಸ್ಟ್ ಇಂಡಿಯಾ ಕಂಪನಿಯ ಪಾದ್ರಿಯಾಗಿದ್ದ ರಿಚರ್ಡ್ ಕಾಬ್ ೧೭೧೮ರಲ್ಲಿ ಬಡ ಯೂರೋಪಿಯನ್ ಮಕ್ಕಳಿಗಾಗಿ ಒಂದು ಧರ್ಮಶಾಲೆಯನ್ನು ತೆರೆದರು. ಮೊದಲು ಅದರಲ್ಲಿದ್ದವರು ಹನ್ನೆರಡು ಹುಡುಗರು, ಒಬ್ಬ ಉಪಾಧ್ಯಾಯ. ಊಟ, ವಸತಿ, ಪಾಠ ಎಲ್ಲವೂ ಉಚಿತ. ಮುಂಬಯಿಯ ಮೊದಲ ಆರ್ಚ್‌ಡೀಕನ್ ಜಾರ್ಜ್ ಬಾರ್ನ್ಸ್ ೧೮೧೫ರಲ್ಲಿ ಬಾಂಬೆ ಎಜುಕೇಶನ್ ಸೊಸೈಟಿ ಎಂಬ ಸಂಸ್ಥೆಯನ್ನು ಕಟ್ಟಿ ಈ ಶಾಲೆಯನ್ನು ಅದರ ಆಡಳಿತಕ್ಕೆ ತಂದರು. ೧೮೨೫ರಲ್ಲಿ ಶಾಲೆ ಭಾಯಖಳೆಯ ವಿಶಾಲ ನಿವೇಶನಕ್ಕೆ ಹೋಯಿತು. ಅದರ ಶತಮಾನೋತ್ಸವದ ವರ್ಷದಲ್ಲಿ ವಸತಿಯ ವಿಭಾಗ ದೇವಳಾಲಿಯ ಬಯಲಿಗೆ ಬಂದು ಬಾರ್ನ್ಸರ ಹೆಸರನ್ನು ತಾಳಿತು.

ದಂಡಿನ ಸೈನಿಕರು ತೀರಿಕೊಂಡಾಗ, ಅಥವಾ ಬಿಟ್ಟುಹೋದಾಗ, ದಿಕ್ಕಿಲ್ಲದೆ ಉಳಿಯುತ್ತಿದ್ದ ಮಕ್ಕಳನ್ನು ಈ ಸೊಸೈಟಿ ಉಳಿಸಿತೆಂಬುದರಲ್ಲಿ ಸಂದೇಹವಿಲ್ಲ. ನಾಡಿನ ಮಕ್ಕಳ ಶಿಕ್ಷಣದ ಚಿಂತನೆಗೂ ಇದೇ ಸೊಸೈಟಿ ಒಂದು ಆರಂಭಬಿಂದು. ಇದರ ಒಂದು ಸಮಿತಿಯಿಂದಲೇ ಬೆಳೆದ ಬಾಂಬೆ ನೇಟಿವ್ ಎಜುಕೇಶನ್ ಸೊಸೈಟಿ ಮುಂಬಯಿ ಪ್ರಾಂತದಲ್ಲಿ ದೇಶಭಾಷೆಗಳ ಪಠ್ಯಪುಸ್ತಕಗಳಿಗೆ ದಾರಿ ಮಾಡಿತು. ಆದರೂ ಧರ್ಮಶಾಲೆಯ ಬಾಗಿಲು ಬಹುಕಾಲ ತೆರೆದಿದ್ದುದು ಒಂದು ಕುಲದ ಮಕ್ಕಳಿಗೆ ಮಾತ್ರ: ಯೂರೋಪಿಯನ್ನರಿಗೆ, ಬಳಿಕ ಆಂಗ್ಲೋ-ಇಂಡಿಯನ್ನರಿಗೆ. ಇದನ್ನು ದೋಷವೆಂದು ಎತ್ತಿ ಆಡುವ ಅಧಿಕಾರ ನಮಗೂ ಹೆಚ್ಚಿಲ್ಲ. ಆರೋಗ್ಯಧಾಮಗಳ ಫಲಕಗಳೂ, ನಮ್ಮ ನಾಡಿನ ಹಳೆಯ ಅನ್ನಛತ್ರಗಳೂ ಸ್ವಜನರನ್ನೇ ಮೊದಲು ನೋಡಿದವು. ತನ್ನವರ ಅನಾಥರನ್ನು ತಾನು ಸಾಕುವುದು ದಾನದ ಮೊದಲನೆಯ ಮೆಟ್ಟಿಲು. ಯಾರವರೂ ಅಲ್ಲದ ಮಗು ಬಾಗಿಲಿಗೆ ಬಂದಾಗ ದಾನಕ್ಕೆ ನಿಜವಾದ ಪರೀಕ್ಷೆ.

ಅಂಥ ಮಕ್ಕಳು ಬಂದದ್ದು ಶರಣಪುರಕ್ಕೆ.

೨. ಶರಣಪುರ

ನಾಸಿಕದಲ್ಲಿ ಇಂದು ಶರಣಪುರ ರಸ್ತೆ ಎಂದರೆ ಅಂಗಡಿ, ಆಸ್ಪತ್ರೆ, ಬ್ಯಾಂಕುಗಳ ದಟ್ಟಣೆಯ ಹಾದಿ. ಹೆಸರಿನ ಹಿಂದಿನ ಊರು ಪೇಟೆಯೊಳಗೆ ಕರಗಿಹೋಗಿದೆ. ಹತ್ತೊಂಬತ್ತನೆಯ ಶತಮಾನದ ಮಧ್ಯದಲ್ಲಿ ಇದು ಪಟ್ಟಣದ ಹೊರಗಿದ್ದ ಒಂದು ಪುಟ್ಟ ಹಳ್ಳಿ. ಚರ್ಚ್ ಮಿಷನರಿ ಸೊಸೈಟಿ ನಾಸಿಕದಲ್ಲಿ ಕಾರ್ಯಾರಂಭ ಮಾಡಿದ್ದು ೧೮೩೨ರಲ್ಲಿ. ಆ ಸಂಸ್ಥೆಯ ವಿಲಿಯಂ ಸಾಲ್ಟರ್ ಪ್ರೈಸ್ ಎಂಬ ಪಾದ್ರಿ, ಮತಾಂತರ ಹೊಂದಿ ಮನೆಮಠಗಳಿಂದ ಹೊರಬಿದ್ದವರಿಗೂ ಅನಾಥ ಮಕ್ಕಳಿಗೂ ನೆಲೆಯಾಗಲೆಂದು ೧೮೫೦ರ ದಶಕದ ನಡುವೆ ಈ ಹಳ್ಳಿಯನ್ನು ಕಟ್ಟಿದರು.

'ಶರಣ' ಎಂಬ ಮಾತು ಕನ್ನಡಿಗನ ಕಿವಿಗೆ ಬೀಳುವ ರೀತಿಯೇ ಬೇರೆ. ಮರಾಠಿಯಲ್ಲಿ ಅದು ಆಶ್ರಯ; ಮೊರೆಹೊಕ್ಕವರ ಊರು ಶರಣಪುರ. ನಮಗಾದರೋ ಹನ್ನೆರಡನೆಯ ಶತಮಾನದಿಂದೀಚೆಗೆ ಶರಣನೆಂದರೆ ಮೊರೆಹೊಕ್ಕವನು ಮಾತ್ರವಲ್ಲ. ಕುಲದ ಗುರುತನ್ನು ಬಿಟ್ಟು ಕಾಯಕದಿಂದ ತನ್ನ ಗುರುತನ್ನು ತಾನೇ ಪಡೆದವನು. ಒಂದೇ ಶಬ್ದದ ಈ ಎರಡು ಅರ್ಥಗಳ ನಡುವಣ ದೂರವನ್ನು ವಾಚಕರು ನೆನಪಿನಲ್ಲಿಡಬೇಕೆಂದು ಕೋರುತ್ತೇನೆ. ಆಶ್ರಯ ಪಡೆದ ಮಗು ತನ್ನ ಗುರುತನ್ನು ತಾನು ಪಡೆಯುವವರೆಗಿನ ದಾರಿಯೇ ನಮ್ಮ ವಿಷಯ.

ಮುಂದಿನ ಕಥೆಗೆ ಸಮುದ್ರದ ಕಡೆಗೆ ತಿರುಗಬೇಕು. ಬ್ರಿಟಿಷ್ ಸಾಮ್ರಾಜ್ಯದಲ್ಲಿ ಗುಲಾಮರ ವ್ಯಾಪಾರ ೧೮೦೭ರಲ್ಲಿ ನಿಷೇಧವಾಗಿತ್ತು. ಭಾರತದಲ್ಲಿ ಕಂಪನಿ ಸರಕಾರ ೧೮೪೩ರ ಕಾಯಿದೆಯಿಂದ ಗುಲಾಮಗಿರಿಗೆ ನ್ಯಾಯಾಲಯದ ಮನ್ನಣೆಯನ್ನು ತೆಗೆದುಹಾಕಿತು. ಆದರೆ ಪೂರ್ವ ಆಫ್ರಿಕದಲ್ಲಿ ಜಾಂಜಿಬಾರಿನ ಸಂತೆ ನಡೆದೇ ಇತ್ತು. ಒಳನಾಡಿನ ಹಳ್ಳಿಗಳನ್ನು ಸುಟ್ಟು ಹಿಡಿದು ತಂದ ಜನರನ್ನು ಹಾಯಿಹಡಗುಗಳಲ್ಲಿ ತುಂಬಿ ಅರಬಸ್ಥಾನಕ್ಕೂ ಪಾರಸಿ ಖಾರಿಗೂ ಸಾಗಿಸುತ್ತಿದ್ದರು. ಅವರಲ್ಲಿ ಮಕ್ಕಳು ಬಹಳ. ಬ್ರಿಟಿಷ್ ನೌಕಾಪಡೆ ಇಂಥ ಹಡಗುಗಳನ್ನು ತಡೆದು ಸೆರೆಯಾಳುಗಳನ್ನು ಬಿಡಿಸುತ್ತಿತ್ತು. ಬಿಡಿಸಿದ ಮೇಲೆ? ಹಿಂದಿರುಗಿಸೋಣವೆಂದರೆ ಊರು ಎಲ್ಲಿಯೆಂದು ಮಗುವಿಗೆ ತಿಳಿಯದು. ತಿಳಿದರೂ ಆ ಊರು ಉಳಿದಿಲ್ಲ. ಕರಾವಳಿಯಲ್ಲಿ ಇಳಿಸಿದರೆ ಮರುದಿನವೇ ಮತ್ತೆ ಸಂತೆಗೆ. ಆದ್ದರಿಂದ ಅನೇಕರನ್ನು ಮುಂಬಯಿಗೆ ತಂದರು. ಹೀಗೆ ತಂದ ಮಕ್ಕಳಲ್ಲಿ ಕೆಲವರು ೧೮೬೦ರಿಂದೀಚೆಗೆ ಘಾಟವನ್ನು ಹತ್ತಿ ಶರಣಪುರದ ಆಫ್ರಿಕನ್ ಆಶ್ರಮವನ್ನು ಸೇರಿದರು.

ಆಶ್ರಮದ ಕ್ರಮ ಸರಳವಾಗಿತ್ತು. ಬೆಳಗಿನ ಹೊತ್ತು ಅಕ್ಷರ, ಬೈಬಲ್, ಇಂಗ್ಲಿಷ್ ಮುಂತಾದ ಪಾಠ. ಅದರೊಡನೆ ಮರಗೆಲಸ, ಕಮ್ಮಾರಿಕೆ ಮುಂತಾದ ಕೈಕಸುಬು. ಹೆಣ್ಣುಮಕ್ಕಳಿಗೆ ಓದಿನೊಂದಿಗೆ ಹೊಲಿಗೆ, ಮನೆಗೆಲಸ. ಕೈಗೆ ಕಸುಬು, ಕಣ್ಣಿಗೆ ಅಕ್ಷರ ಎರಡನ್ನೂ ಕೊಟ್ಟರೆ ಮಗು ಮುಂದೆ ಬೇಡಿ ತಿನ್ನಬೇಕಾಗಿಲ್ಲ ಎಂಬುದು ಅದರ ತತ್ತ್ವ. ನಮ್ಮ ಕರಾವಳಿಯಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ ಮಗ್ಗದ ಶಾಲೆಯನ್ನೂ ಹೆಂಚಿನ ಕಾರ್ಖಾನೆಯನ್ನೂ ಕಟ್ಟಿದ್ದು ಇದೇ ಕಾಲದಲ್ಲಿ, ಇದೇ ತತ್ತ್ವದ ಮೇಲೆ.

ಆದರೆ ಅನ್ನ, ಅಕ್ಷರ, ಕಸುಬುಗಳೊಡನೆ ಆಶ್ರಮ ಇನ್ನೊಂದನ್ನೂ ಕೊಟ್ಟಿತು: ಹೊಸ ಹೆಸರು. ಕೊಡುವಾಗ ಹಳೆಯದನ್ನು ತೆಗೆದುಕೊಂಡಿತು. ಸೈಮನ್ ಪ್ರೈಸ್ ಎಂಬ ಹುಡುಗನ ಹೆಸರಿನಲ್ಲಿ ಶರಣಪುರದ ಪಾದ್ರಿಯ ಮನೆತನದ ಹೆಸರು ಸೇರಿದೆ. ರಿಚರ್ಡ್ ಐಸೆನ್‌ಬರ್ಗ್ ಎಂಬವನ ಹೆಸರಿನಲ್ಲಿ ಇದೇ ಸಂಸ್ಥೆಯ ಜರ್ಮನ್ ಪಾದ್ರಿಯೊಬ್ಬರ ಹೆಸರಿದೆ. ಮ್ಯಾಥ್ಯೂ ವೆಲಿಂಗ್ಟನ್ ಎಂದು ಪ್ರಸಿದ್ಧನಾದ ಹುಡುಗನಿಗೆ ಯಾವೋ ಜನಾಂಗದ ತಾಯಿತಂದೆ ಇಟ್ಟ ಹೆಸರು ಚೆಂಗ್ವಿಂಬೆ. ಈ ಒಂದು ಮೂಲನಾಮ ನಮಗೆ ತಿಳಿದಿರುವುದು ಅವನು ಮುಪ್ಪಿನವರೆಗೆ ಬದುಕಿ ತನ್ನ ಬಾಲ್ಯವನ್ನು ತಾನೇ ಹೇಳಿದ್ದರಿಂದ. ಆಶ್ರಮದವರು ದ್ವೇಷದಿಂದ ಹೀಗೆ ಮಾಡಿದರೆಂದು ಯಾರೂ ಹೇಳಲಾರರು. ಹೊಸ ಜನ್ಮಕ್ಕೆ ಹೊಸ ಹೆಸರು ಎಂಬ ಅವರ ಧರ್ಮದ ನಂಬಿಕೆ ಪ್ರಾಮಾಣಿಕವಾದುದು. ಆದರೆ ಗುಲಾಮರ ವ್ಯಾಪಾರಿ ಮಗುವಿನ ಊರನ್ನು ಕಸಿದಿದ್ದನು. ಉಳಿದಿದ್ದ ಹೆಸರೂ ರಕ್ಷಕರ ಕೈಯಲ್ಲಿ ಹೋಯಿತು. ಇದನ್ನು ಲೆಕ್ಕದಲ್ಲಿ ತೋರಿಸದೆ ಬಿಡುವುದು ಸರಿಯಾದ ಲೆಕ್ಕವಲ್ಲ.

೩. ಮರದ ಮೇಲಿನ ಬರಹ

ಪ್ರಸಿದ್ಧ ಪರ್ಯಟಕ ಡೇವಿಡ್ ಲಿವಿಂಗ್‌ಸ್ಟನ್ ೧೮೬೪ರ ಜೂನಿನಲ್ಲಿ ಒಂದು ಪುಟ್ಟ ಉಗಿಹಡಗನ್ನು ಜಾಂಜಿಬಾರಿನಿಂದ ತಾನೇ ನಡೆಸಿಕೊಂಡು ಮುಂಬಯಿಗೆ ಬಂದನು. ಅವನೊಡನೆ ಚುಮಾ, ವಿಕತಾನಿ ಎಂಬ ಇಬ್ಬರು ಹುಡುಗರಿದ್ದರು. ೧೮೬೧ರಲ್ಲಿ ಗುಲಾಮವ್ಯಾಪಾರಿಗಳ ಕೈಯಿಂದ ಬಿಡುಗಡೆ ಹೊಂದಿದವರು. ಅವರನ್ನು ಮುಂಬಯಿಯಲ್ಲಿ ಡಾಕ್ಟರ್ ಜಾನ್ ವಿಲ್ಸನ್ನರ ಶಾಲೆಯಲ್ಲಿ ಬಿಟ್ಟು ಅವನು ಇಂಗ್ಲೆಂಡಿಗೆ ಹೋದನು. ಮರುವರ್ಷ ಹಿಂದಿರುಗಿ, ನೈಲ್ ನದಿಯ ಮೂಲವನ್ನು ಹುಡುಕುವ ಕೊನೆಯ ಯಾತ್ರೆಗೆ ಜನರನ್ನು ಕೂಡಿಸುವಾಗ ನಾಸಿಕಕ್ಕೆ ಬಂದನು. ಶರಣಪುರದ ಒಂಬತ್ತು ಮಂದಿ ತರುಣರು ಅವನೊಡನೆ ಹೊರಡಲು ಒಪ್ಪಿದರು. ೧೮೬೬ರ ಜನವರಿಯಲ್ಲಿ ತಂಡ ಮುಂಬಯಿಯಿಂದ ಹಡಗೇರಿತು.

ಅವರ ಪಯಣವೆಲ್ಲ ಯಶೋಗಾಥೆಯಲ್ಲ. ಲಿವಿಂಗ್‌ಸ್ಟನ್ ತನ್ನ ದಿನಚರಿಯಲ್ಲಿ 'ನಾಸಿಕದ ಹುಡುಗ'ರ ಸೋಮಾರಿತನವನ್ನು ಕಟುವಾಗಿ ನಿಂದಿಸಿದ್ದಾನೆ. ಕೆಲವರು ಬಿಟ್ಟುಹೋದರು, ಕೆಲವರು ದಾರಿಯಲ್ಲಿಯೇ ಸತ್ತರು. ಗುಲಾಮರ ಸರಪಳಿಯಲ್ಲಿ ನಡೆದುಬಂದ ದಾರಿಯಲ್ಲಿಯೇ ಮತ್ತೆ ಹೊರೆ ಹೊತ್ತು ನಡೆಯಬೇಕಾದವರ ಮನಸ್ಸು ಹೇಗಿದ್ದಿತೆಂಬುದನ್ನು ಆ ದಿನಚರಿ ವಿಚಾರಿಸುವುದಿಲ್ಲ. ಇತ್ತ ೧೮೭೨ರಲ್ಲಿ ನಾಸಿಕದ ಶಾಲೆಯಲ್ಲಿ ಕಲಿತ ಇನ್ನಾರು ಮಂದಿ ತರುಣರು ಲಿವಿಂಗ್‌ಸ್ಟನ್ನನ ನೆರವಿಗೆ ಒಳನಾಡಿಗೆ ಹೋದರು. ಜೇಕಬ್ ವೇನ್‌ರೈಟ್, ಜಾನ್ ವೇನ್‌ರೈಟ್, ಮ್ಯಾಥ್ಯೂ ವೆಲಿಂಗ್ಟನ್, ಕೇರಸ್ ಫರಾರ್ ಈ ತಂಡದವರು. ಜೇಕಬನೂ ಯಾವೋ ಜನಾಂಗದವನು. ಗುಲಾಮರ ಹಡಗಿನಿಂದ ಬಿಡುಗಡೆಯಾಗಿ ಶರಣಪುರವನ್ನು ಸೇರಿದವನು.

೧೮೭೩ರ ಮೇ ತಿಂಗಳ ಮೊದಲಲ್ಲಿ, ಇಂದಿನ ಝಾಂಬಿಯಾ ದೇಶದ ಚಿಟಾಂಬೋ ಎಂಬ ಹಳ್ಳಿಯ ಗುಡಿಸಿಲಿನಲ್ಲಿ ಲಿವಿಂಗ್‌ಸ್ಟನ್ ಮೊಣಕಾಲೂರಿದ ಭಂಗಿಯಲ್ಲಿಯೇ ತೀರಿಕೊಂಡಿದ್ದನು. ಅವನ ಸುತ್ತ ಇದ್ದವರೆಲ್ಲರೂ ಆಫ್ರಿಕನ್ನರು. ಸಂಬಳ ಕೊಡುವವನು ಸತ್ತಿದ್ದನು. ಅವರು ತಮ್ಮ ದಾರಿ ಹಿಡಿದಿದ್ದರೆ ಕೇಳುವವರು ಯಾರೂ ಇರಲಿಲ್ಲ. ಅವರು ಸಭೆ ಸೇರಿ ಸೂಸಿ, ಚುಮಾ ಇವರನ್ನು ಮುಂದಾಳುಗಳನ್ನಾಗಿ ಆರಿಸಿ, ದೇಹವನ್ನು ಸಮುದ್ರತೀರಕ್ಕೆ ಒಯ್ಯಲು ನಿಶ್ಚಯಿಸಿದರು. ಹೃದಯವನ್ನು ಅಲ್ಲಿಯ ಒಂದು ದೊಡ್ಡ ಮರದ ಬುಡದಲ್ಲಿ ಹೂಳಿದರು. ದೇಹಕ್ಕೆ ಉಪ್ಪು ತುಂಬಿ ಬಿಸಿಲಿನಲ್ಲಿ ಒಣಗಿಸಿದರು. ಪ್ರಾರ್ಥನಾಪುಸ್ತಕದಿಂದ ಉತ್ತರಕ್ರಿಯೆಯ ಪಾಠವನ್ನು ಓದಿದವನು ಜೇಕಬ್ ವೇನ್‌ರೈಟ್. ಅಲ್ಲಿದ್ದವರಲ್ಲಿ ಆ ಕೆಲಸಕ್ಕೆ ಅವನೇ ತಕ್ಕವನಾಗಿದ್ದನು.

ಬಳಿಕ ಮರದ ತೊಗಟೆಯನ್ನು ತೆಗೆದು ಅವನು ಅಕ್ಷರಗಳನ್ನು ಕೆತ್ತಿದನು. ಶರಣಪುರದಲ್ಲಿ ಕಲಿತ ಅಕ್ಷರ, ಕೈಕಸುಬು ಎರಡೂ ಅಲ್ಲಿ ಒಂದೇ ಕೆಲಸದಲ್ಲಿ ಕೂಡಿದವು ಎನ್ನಬಹುದು. ಆ ಮರದ ತುಂಡು ಇಂದು ಲಂಡನ್ನಿನ ರಾಯಲ್ ಜಿಯಾಗ್ರಫಿಕಲ್ ಸೊಸೈಟಿಯಲ್ಲಿದೆ. ಅದರ ಮೇಲೆ ಲಿವಿಂಗ್‌ಸ್ಟನ್ನನ ಹೆಸರಿದೆ. ೧೮೭೩ರ ಮೇ ೪ ಎಂಬ ದಿನಾಂಕವಿದೆ. ತಂಡದ ಪ್ರಮುಖರ ಮೂರು ಹೆಸರುಗಳಿವೆ. ಕೆತ್ತಿದವನ ಹೆಸರಿಲ್ಲ. ಬರೆಯಬಲ್ಲವನಾಗಿದ್ದನು, ಉಳಿ ಅವನ ಕೈಯಲ್ಲಿಯೇ ಇದ್ದಿತು, ತಡೆಯುವವರಿರಲಿಲ್ಲ. ಆದರೂ ಅವನು ತನ್ನ ಹೆಸರನ್ನು ಕೆತ್ತಲಿಲ್ಲ.

ಸಮುದ್ರದವರೆಗಿನ ದಾರಿ ಸಾವಿರ ಮೈಲಿಗೂ ಮೀರಿದುದು. ಎದುರಿನಿಂದ ಬಂದ ಆಂಗ್ಲ ಶೋಧನತಂಡದ ಮುಖ್ಯಸ್ಥ ಕ್ಯಾಮರಾನ್ ದೇಹವನ್ನು ಅಲ್ಲಿಯೇ ಹೂಳುವಂತೆ ಸಲಹೆ ಕೊಟ್ಟಾಗ ಅವರು ಒಪ್ಪಲಿಲ್ಲ. ಶವವನ್ನು ತಮ್ಮ ಸೀಮೆಯ ಮೂಲಕ ಸಾಗಿಸಬಾರದೆಂದು ಹಳ್ಳಿಗರು ಅಡ್ಡ ನಿಂತಾಗ, ಅದನ್ನು ಹೂಳಲು ಹಿಂದಕ್ಕೆ ಕಳುಹಿಸಿದಂತೆ ನಟಿಸಿ, ಬಟ್ಟೆಯ ಹೊರೆಯಂತೆ ಕಟ್ಟಿ ಮುಂದೆ ಸಾಗಿದರು. ೧೮೭೪ರ ಫೆಬ್ರವರಿಯಲ್ಲಿ ಬಾಗಮೊಯೋ ರೇವನ್ನು ತಲುಪಿದರು. ಅಲ್ಲಿಂದ ದೇಹದೊಡನೆ ಇಂಗ್ಲೆಂಡಿಗೆ ಹೋದವನು ಜೇಕಬ್ ವೇನ್‌ರೈಟ್ ಒಬ್ಬನೇ. ವೆಚ್ಚವನ್ನು ಚರ್ಚ್ ಮಿಷನರಿ ಸೊಸೈಟಿ ವಹಿಸಿತು. ಏಪ್ರಿಲ್ ೧೮ರಂದು ವೆಸ್ಟ್‌ಮಿನ್‌ಸ್ಟರ್ ಅಬ್ಬೆಯಲ್ಲಿ ಶವಪೆಟ್ಟಿಗೆಯ ಜೊತೆಯಲ್ಲಿ ನಡೆದ ಎಂಟು ಮಂದಿ ಗೌರವವಾಹಕರಲ್ಲಿ ಅವನೂ ಒಬ್ಬ. ಅವರಲ್ಲಿ ಆಫ್ರಿಕನ್ ಅವನೊಬ್ಬನೇ.

ಅಬ್ಬೆಯ ನೆಲದಲ್ಲಿರುವ ಸಮಾಧಿಶಿಲೆ ಈ ದೇಹವನ್ನು ನಿಷ್ಠೆಯುಳ್ಳ ಕೈಗಳು ಭೂಮಿಯನ್ನೂ ಸಮುದ್ರವನ್ನೂ ದಾಟಿಸಿ ತಂದವೆಂಬ ಅರ್ಥದ ಮಾತಿನಿಂದ ಆರಂಭವಾಗುತ್ತದೆ. ಆ ಕೈಗಳು ಯಾರವೆಂಬುದನ್ನು ಶಿಲೆ ಹೇಳುವುದಿಲ್ಲ. ದೇವಳಾಲಿಯ ಫಲಕಗಳಿಗೂ ಈ ಫಲಕಕ್ಕೂ ಈ ವಿಷಯದಲ್ಲಿ ಅಂತರವಿಲ್ಲ. ಆದರೆ ಒಂದು ಮಾತ್ರ ಬೇರೆಯಾಯಿತು. ಜೇಕಬನು ಆ ಯಾತ್ರೆಯ ದಿನಚರಿಯನ್ನು ತನ್ನ ಕೈಯಿಂದ ಇಂಗ್ಲಿಷಿನಲ್ಲಿ ಬರೆದಿಟ್ಟಿದ್ದನು. ಅದು ಉಳಿದುಬಂದು ಈಗ ವಿದ್ವಾಂಸರ ಕೈಗೆ ದೊರೆತಿದೆ. ಲಿವಿಂಗ್‌ಸ್ಟನ್ನನ ಅಂತ್ಯವನ್ನು ಕುರಿತು ಬೇರೆಯವರು ಕೇಳಿ ಬರೆದದ್ದಲ್ಲದೆ, ಅಲ್ಲಿದ್ದವನೇ ಬರೆದ ಸಾಕ್ಷ್ಯವೂ ಇತಿಹಾಸಕ್ಕೆ ಸಿಕ್ಕಿತು. ಮಗುವಿಗೆ ಕಲಿಸಿದ ಅಕ್ಷರದ ನಿಜವಾದ ಬಡ್ಡಿ ಇದು. ಆಶ್ರಮದ ವರದಿಯಲ್ಲಿ 'ಇಷ್ಟು ಹುಡುಗರು ಓದುಬರಹ ಬಲ್ಲರು' ಎಂಬ ಸಾಲಿನೊಳಗೆ ಇಂಥದೊಂದು ಫಲ ಅಡಗಿದೆಯೆಂದು ಬರೆದವರಿಗೂ ತಿಳಿದಿರಲಾರದು.

೪. ತೀರದಾಚೆಯ ಊರು

ಮುಂಬಯಿಯ ಗವರ್ನರರಾಗಿದ್ದ ಬಾರ್ಟಲ್ ಫ್ರೀರ್ ೧೮೭೩ರಲ್ಲಿ ಜಾಂಜಿಬಾರಿಗೆ ರಾಯಭಾರ ಹೋದರು. ಅದೇ ವರ್ಷದ ಜೂನಿನ ಒಪ್ಪಂದದಿಂದ ಅಲ್ಲಿಯ ಗುಲಾಮರ ಸಂತೆ ಮುಚ್ಚಿತು. ಬಿಡುಗಡೆಯಾದವರನ್ನು ದೂರದ ಭಾರತಕ್ಕೆ ತರುವ ಬದಲು ಅವರ ಖಂಡದಲ್ಲಿಯೇ ನೆಲೆಗೊಳಿಸುವ ಯೋಜನೆ ಬಲಗೊಂಡಿತು. ೧೮೭೫ರಲ್ಲಿ ಪ್ರೈಸರೇ ಮೊಂಬಾಸಾಕ್ಕೆ ಹೋಗಿ, ಅದರ ಎದುರು ತೀರದಲ್ಲಿ ಫ್ರೀರ್ ಟೌನ್ ಎಂಬ ವಸತಿಯನ್ನು ಕಟ್ಟಿದರು. ನಾಸಿಕದಲ್ಲಿ ಬೆಳೆದ ತರುಣ ತರುಣಿಯರು ಅಲ್ಲಿಗೆ ಸಾಗಿದರು. ಶರಣಪುರದ ಆಫ್ರಿಕನ್ ಆಶ್ರಮದ ಕೆಲಸ ಅಲ್ಲಿಗೆ ಮುಗಿಯಿತು.

ಪೂರ್ವ ಆಫ್ರಿಕದಲ್ಲಿ ಇವರಿಗೆ 'ಬಾಂಬೆ ಆಫ್ರಿಕನ್ನರು' ಎಂದು ಹೆಸರಾಯಿತು. ಬಡಗಿ, ಕಮ್ಮಾರ, ಉಪಾಧ್ಯಾಯ, ದುಭಾಷಿಗಳಾಗಿ ಅವರು ಆ ವಸತಿಯ ಬೆನ್ನೆಲುಬಾದರು. ಜಾರ್ಜ್ ಡೇವಿಡ್, ವಿಲಿಯಂ ಜೋನ್ಸ್, ಇಷ್ಮಾಯೆಲ್ ಸೆಮ್ಲರ್ ಎಂಬವರು ಫ್ರೀರ್ ಟೌನ್ ಹುಟ್ಟುವ ಮೊದಲೇ ಮೊಂಬಾಸಾದ ಬಳಿಯ ರಬಾಯಿಯಲ್ಲಿ ಕೆಲಸ ಮಾಡುತ್ತಿದ್ದರು. ಜೋನ್ಸ್, ಸೆಮ್ಲರ್ ಇಬ್ಬರೂ ೧೮೮೫ರಲ್ಲಿ ಧರ್ಮಾಧಿಕಾರದ ದೀಕ್ಷೆ ಪಡೆದರು. ಅದೇ ವರ್ಷ ಬಿಷಪ್ ಹ್ಯಾನಿಂಗ್ಟನ್ ಒಳನಾಡಿನಲ್ಲಿ ಕೊಲೆಯಾದಾಗ, ಹಿಂದೆ ಉಳಿದಿದ್ದ ತಂಡವನ್ನು ಸುರಕ್ಷಿತವಾಗಿ ಕರಾವಳಿಗೆ ಕರೆತಂದವರು ಇದೇ ಜೋನ್ಸ್.

ಆದರೆ ಇಲ್ಲಿಯೇ ದಾನದ ಇನ್ನೊಂದು ಗಡಿಯೂ ಕಾಣುತ್ತದೆ. ಓದು, ಕಸುಬು, ಅನುಭವಗಳಲ್ಲಿ ತಾವು ಕಡಿಮೆಯಿಲ್ಲದಿರುವಾಗ ತಮಗೆ ಯೂರೋಪಿಯನ್ನರಿಗಿಂತ ಬಹಳ ಕಡಿಮೆ ಸಂಬಳವೂ ಕೆಳಗಿನ ಸ್ಥಾನವೂ ಏಕೆಂದು ಬಾಂಬೆ ಆಫ್ರಿಕನ್ನರು ಕೇಳತೊಡಗಿದರು. ೧೮೮೦ರ ದಶಕದ ಮಿಷನರಿಗಳಲ್ಲಿ ಕೆಲವರಿಗೆ ಇದು ಅಹಂಕಾರವೆಂದು ಕಂಡಿತು. ಅನಾಥ ಮಗುವನ್ನು ಪ್ರೀತಿಸುವುದು ಸುಲಭ. ಅದೇ ಮಗು ಬೆಳೆದು ಎದುರು ಕುರ್ಚಿಯಲ್ಲಿ ಕುಳಿತು ಸಮಪಾಲು ಕೇಳಿದಾಗ ಪ್ರೀತಿಗೆ ಕಷ್ಟ ಬರುತ್ತದೆ. ಆಶ್ರಿತನು ಆಶ್ರಿತನಾಗಿಯೇ ಉಳಿಯಬೇಕೆಂಬ ಆಸೆ ಎಲ್ಲ ಧರ್ಮಸಂಸ್ಥೆಗಳ ಒಳಗೂ ಇರುವ ಒಂದು ರೋಗ. ಸಂಬಳದ ಪಟ್ಟಿಯ ಮೇಲೆ ನಡೆದ ಆ ವಿವಾದವನ್ನು ನಾನು ಶರಣಪುರದ ಶಿಕ್ಷಣದ ಸೋಲೆಂದು ಎಣಿಸುವುದಿಲ್ಲ. ಅದು ಆ ಶಿಕ್ಷಣ ಗೆದ್ದುದಕ್ಕೆ ಸಾಕ್ಷಿ. ಜೇಕಬ್ ವೇನ್‌ರೈಟ್ ೧೮೯೨ರಲ್ಲಿ ಆಫ್ರಿಕದ ಒಳನಾಡಿನಲ್ಲಿ ತೀರಿಕೊಂಡನು. ಚೆಂಗ್ವಿಂಬೆಯಾಗಿ ಹುಟ್ಟಿದ ಮ್ಯಾಥ್ಯೂ ವೆಲಿಂಗ್ಟನ್ ಮೊಂಬಾಸಾದಲ್ಲಿ ೧೯೩೫ರವರೆಗೆ ಬದುಕಿದ್ದನು.

೫. ನಮ್ಮ ನೆಲದ ಸಾಕ್ಷ್ಯಗಳು

ಆಫ್ರಿಕದ ಮಕ್ಕಳು ದಖ್ಖನಿಗೆ ಬಂದದ್ದು ಇದೇ ಮೊದಲಲ್ಲ. ನಾಸಿಕದ ಪೂರ್ವಕ್ಕಿರುವ ಛತ್ರಪತಿ ಸಂಭಾಜಿನಗರ, ಅಂದರೆ ನಿನ್ನೆ ಮೊನ್ನೆಯವರೆಗಿನ ಔರಂಗಾಬಾದು, ೧೬೧೦ರಲ್ಲಿ ಖಡ್ಕಿ ಎಂಬ ಹೆಸರಿನಲ್ಲಿ ಮಲಿಕ್ ಅಂಬರನಿಂದ ಕಟ್ಟಲ್ಪಟ್ಟಿತು. ಅವನೂ ಇಥಿಯೋಪಿಯದಲ್ಲಿ ಬಾಲ್ಯದಲ್ಲಿಯೇ ಮಾರಾಟವಾದ ಹುಡುಗ. ಚಾಪು ಎಂಬ ಅವನ ಹುಟ್ಟುಹೆಸರನ್ನು ಬದಲಿಸಿ ಅಂಬರ್ ಎಂದು ಕರೆದವನು ಅವನನ್ನು ಕೊಂಡ ಬಾಗ್ದಾದಿನ ಒಡೆಯ. ಅವನಿಗೆ ವಿದ್ಯೆ ಕಲಿಸಿದವನೂ ಅದೇ ಒಡೆಯನೆಂದು ಹೇಳುತ್ತಾರೆ. ಕೆಲಕಾಲ ನಮ್ಮ ಬಿಜಾಪುರದ ಸೇವೆಯಲ್ಲಿಯೂ ಇದ್ದು, ಕೊನೆಗೆ ನಿಜಾಮಶಾಹಿಯ ಸೂತ್ರವನ್ನೇ ಹಿಡಿದು ಮೊಗಲರನ್ನು ತಡೆದ ಅಂಬರನ ಹೆಸರನ್ನು ಇತಿಹಾಸ ಮರೆತಿಲ್ಲ. ಆದರೆ ಅವನದು ಖಡ್ಗದಿಂದ ಗಳಿಸಿದ ಹೆಸರು. ಸಾವಿರದಲ್ಲಿ ಒಬ್ಬನಿಗೆ ದೊರೆಯುವಂಥದು.

ಉಳಿದ ಸಾವಿರ ಮಂದಿಯನ್ನು ಕಾಣಬೇಕಾದರೆ ಉತ್ತರ ಕನ್ನಡದ ಕಾಡಿಗೆ ಹೋಗಬೇಕು. ಯಲ್ಲಾಪುರ, ಹಳಿಯಾಳ, ಮುಂಡಗೋಡು ಸೀಮೆಯ ಸಿದ್ದಿಗಳ ಪೂರ್ವಿಕರನ್ನು ಬಹುಮಟ್ಟಿಗೆ ಪೋರ್ತುಗೀಸರು ಗುಲಾಮರನ್ನಾಗಿ ಗೋವೆಗೆ ತಂದರು. ಅಲ್ಲಿಂದ ತಪ್ಪಿಸಿಕೊಂಡವರೂ ಬಿಡುಗಡೆಯಾದವರೂ ಘಟ್ಟದ ಮೇಲಿನ ಕಾಡನ್ನು ಸೇರಿದರು. ಅವರಿಗೆ ಶರಣಪುರವಿರಲಿಲ್ಲ, ಜೇಕಬನಿರಲಿಲ್ಲ, ದಿನಚರಿಯಿರಲಿಲ್ಲ. ಅವರ ಮೊದಲ ತಲೆಮಾರಿನ ಒಂದು ಹೆಸರೂ ನಮಗೆ ಉಳಿದಿಲ್ಲ. ಡಮಾಮಿಯ ಬಡಿತದಲ್ಲಿ ಉಳಿದುಬಂದ ನೆನಪನ್ನು ನಾವು ಇತ್ತೀಚೆಗೆ ಕೇಳಿಸಿಕೊಳ್ಳತೊಡಗಿದ್ದೇವೆ. ಸರಕಾರ ಅವರನ್ನು ಪರಿಶಿಷ್ಟ ಪಂಗಡವೆಂದು ಮನ್ನಿಸಿದ್ದು ೨೦೦೩ರಲ್ಲಿ. ಕನ್ನಡದ ಮನೆಯೊಳಗೇ ಇದ್ದ ಈ ಮಕ್ಕಳ ಹೆಸರನ್ನು ಕೇಳಲು ನಾವು ಶತಮಾನಗಳನ್ನೇ ತೆಗೆದುಕೊಂಡೆವು.

ಇನ್ನೊಂದು ಸಾಕ್ಷ್ಯ ಪಂಡಿತಾ ರಮಾಬಾಯಿಯವರದು. ಮರಾಠಿಗರು ಅವರನ್ನು ತಮ್ಮವರೆನ್ನುತ್ತಾರೆ; ನಮಗೂ ಅವರ ಮೇಲೆ ಹಕ್ಕಿದೆ. ೧೮೫೮ರಲ್ಲಿ ಅವರು ಹುಟ್ಟಿದ್ದು ಸಹ್ಯಾದ್ರಿಯ ಗಂಗಾಮೂಲದಲ್ಲಿ. ತಂದೆ ಅನಂತಶಾಸ್ತ್ರಿ ಡೋಂಗರೆಯವರು ಕಾರ್ಕಳದ ಬಳಿಯ ಮಾಳದವರು. ಕುಟುಂಬ ಪುರಾಣ ಹೇಳುತ್ತ ಊರೂರು ಅಲೆಯಿತು. ೧೮೭೦ರ ದಶಕದ ಕ್ಷಾಮದ ವರ್ಷಗಳಲ್ಲಿ ತಂದೆ, ತಾಯಿ, ಅಕ್ಕ ಹಸಿವಿನಿಂದಲೂ ರೋಗದಿಂದಲೂ ತೀರಿಕೊಂಡರು. ಅಣ್ಣನೊಡನೆ ಬರಿಗಾಲಿನಲ್ಲಿ ದೇಶವನ್ನು ಸುತ್ತಿದ ಆ ಹುಡುಗಿಯ ಬಳಿ ಉಳಿದಿದ್ದ ಆಸ್ತಿ ತಾಯಿ ಕಲಿಸಿದ ಸಂಸ್ಕೃತ ಒಂದೇ. ಅದೇ ಅವರಿಗೆ ೧೮೭೮ರಲ್ಲಿ ಕಲಕತ್ತೆಯ ಪಂಡಿತರಿ೦ದ ಮನ್ನಣೆಯನ್ನು ತಂದಿತು. ೧೮೮೯ರಲ್ಲಿ ಅವರು ವಿಧವೆಯರಿಗಾಗಿ ಶಾರದಾಸದನವನ್ನು ತೆರೆದರು. ಮತದ ಪ್ರಶ್ನೆ ಎದ್ದು ರಾನಡೆ, ಭಾಂಡಾರಕರರಂಥ ಹಿತೈಷಿಗಳೂ ೧೮೯೩ರಲ್ಲಿ ಸಲಹಾಮಂಡಳಿಯಿಂದ ದೂರ ಸರಿದದ್ದು ಉಂಟು. ಅವರ ಆಕ್ಷೇಪ ನಿರಾಧಾರವೆಂದು ಸುಲಭವಾಗಿ ತಳ್ಳಿಹಾಕುವಂತಿಲ್ಲ. ಆದರೆ ೧೮೯೬-೯೭ರ ಕ್ಷಾಮದಲ್ಲಿ ಮಧ್ಯಪ್ರಾಂತಕ್ಕೆ ತಾವೇ ಹೋಗಿ ದಿಕ್ಕಿಲ್ಲದ ಹೆಣ್ಣುಮಕ್ಕಳನ್ನು ನೂರಾರು ಸಂಖ್ಯೆಯಲ್ಲಿ ಕೇಡಗಾಂವಿಗೆ ಕರೆತಂದು ಮುಕ್ತಿಸದನವನ್ನು ಕಟ್ಟಿದವರು ಅವರೇ. ಕ್ಷಾಮದಲ್ಲಿ ಅಲೆದ ಹುಡುಗಿಯೇ ಕ್ಷಾಮದ ಹುಡುಗಿಯರನ್ನು ಹುಡುಕಿಕೊಂಡು ಹೋದಳೆಂಬುದು ಇಲ್ಲಿ ಮುಖ್ಯ. ಅವರ ಕೆಲಸ ನಮ್ಮ ಗುಲ್ಬರ್ಗದವರೆಗೂ ಚಾಚಿತು. ೧೯೧೨ರಲ್ಲಿ ಅಲ್ಲಿ ಸ್ಥಾಪಿತವಾದ ಶಾಲೆಗೆ ಮಗಳು ಮನೋರಮಾ ಮುಖ್ಯಸ್ಥೆಯಾದರು.

ನಮ್ಮವೇ ಆದ ಕ್ರಮಗಳನ್ನೂ ಸ್ಮರಿಸದಿದ್ದರೆ ಲೇಖನ ಅಪೂರ್ಣವಾದೀತು. ಈ ಪತ್ರಿಕೆಯ ವಾಚಕರಲ್ಲಿ ಅನೇಕರ ತಂದೆ ತಾತಂದಿರು ವಾರಾನ್ನದಿಂದ ಓದಿದವರು. ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು ಮನೆ ಎಂದು ಉಂಡು ಪರೀಕ್ಷೆ ಮುಗಿಸಿದ ಹುಡುಗರನ್ನು ಆ ಏಳು ಮನೆಯವರು ಹೆಸರು ಹಿಡಿದು ಕರೆಯುತ್ತಿದ್ದರು. ಜಾತಿಯ ಬೇಲಿ ಅದಕ್ಕೆ ಇದ್ದಿತೆಂಬುದೂ ಅಷ್ಟೇ ನಿಜ. ಆ ಬೇಲಿಯನ್ನು ದಾಟಿದ ಮಹಾದೃಷ್ಟಾಂತ ತುಮಕೂರಿನ ಸಿದ್ಧಗಂಗೆ. ಉದ್ದಾನ ಶಿವಯೋಗಿಗಳ ಕಾಲದ ವಿದ್ಯಾರ್ಥಿಪೋಷಣೆಯನ್ನು, ೧೯೪೧ರಿಂದ ೨೦೧೯ರವರೆಗೆ ಮಠವನ್ನು ನಡೆಸಿದ ಶಿವಕುಮಾರ ಸ್ವಾಮಿಗಳು ಎಲ್ಲ ಜಾತಿಮತಗಳ ಸಾವಿರಾರು ಮಕ್ಕಳ ಅನ್ನ, ಅಕ್ಷರ, ವಸತಿಯ ನೆಲೆಯನ್ನಾಗಿ ಬೆಳೆಸಿದರು. ಅಲ್ಲಿಗೆ ಬಂದ ಹುಡುಗ ತನ್ನ ಹೆಸರಿನೊಡನೆ ಬಂದು ಅದೇ ಹೆಸರಿನೊಡನೆ ಹೊರಗೆ ಹೋಗುತ್ತಾನೆ.

೬. ಉಪಸಂಹಾರ

ಈ ಸಂಗತಿಗಳಿಂದ ಹೊರಡುವ ತಾತ್ಪರ್ಯ ಒಂದೇ. ಅನಾಥ ಮಗುವಿಗೆ ಅನ್ನ ಕೊಟ್ಟರೆ ಜೀವ ಉಳಿಯುತ್ತದೆ. ಕಸುಬು ಕೊಟ್ಟರೆ ಜೀವನ ಸಾಗುತ್ತದೆ. ಅಕ್ಷರ ಕೊಟ್ಟರೆ ತನ್ನ ಮಾತನ್ನು ತಾನೇ ಹೇಳುವ ಶಕ್ತಿ ಬರುತ್ತದೆ. ಆದರೆ ಆ ಮಾತನ್ನು ಯಾವ ಹೆಸರಿನಿಂದ ಹೇಳಬೇಕೆಂಬುದನ್ನು ಮಗುವಿಗೇ ಬಿಡದಿದ್ದರೆ ದಾನದ ಲೆಕ್ಕ ಸರಿತೂಗುವುದಿಲ್ಲ. ೧೯೮೯ರ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆ ಹೆಸರನ್ನೂ ಗುರುತನ್ನೂ ಕಾಪಾಡಿಕೊಳ್ಳುವುದು ಮಗುವಿನ ಹಕ್ಕೆಂದು ಸಾರಿತು. ಭಾರತ ಅದನ್ನು ೧೯೯೨ರಲ್ಲಿ ಒಪ್ಪಿತು. ಶರಣಪುರದ ಕಾಲದಲ್ಲಿ ಯಾರಿಗೂ ಹೊಳೆಯದಿದ್ದ ಮಾತು ಇಂದು ಕಾಯಿದೆಯ ಮಾತು. ಆದರೂ ಧರ್ಮಸಂಸ್ಥೆಗಳ ವಾರ್ಷಿಕ ವರದಿಗಳನ್ನು ಉದ್ಯೋಗದ ನಿಮಿತ್ತ ಓದುವ ನನಗೆ ಹಳೆಯ ಕ್ರಮವೇ ಇಂದಿಗೂ ಕಾಣುತ್ತದೆ: ದಾನಿಗಳ ಯಾದಿ ನಾಲ್ಕು ಪುಟ, ಮಕ್ಕಳ ಸಂಖ್ಯೆ ಒಂದು ಸಾಲು. ಮಕ್ಕಳ ಹೆಸರುಗಳನ್ನು ಪ್ರಕಟಿಸಬೇಕೆಂದು ನಾನು ಹೇಳುವುದಿಲ್ಲ. ಅವುಗಳ ಗೋಪ್ಯವನ್ನು ಕಾಯುವುದು ಧರ್ಮವೂ ಹೌದು, ಕಾನೂನೂ ಹೌದು. ಒಳಗಿನ ದಾಖಲೆಯಲ್ಲಿಯಾದರೂ ಮಗು ಎಲ್ಲಿಂದ ಬಂದಿತು, ಯಾವ ಮಾತನ್ನು ಆಡುತ್ತಿತ್ತು, ತಾಯಿ ಅದನ್ನು ಏನೆಂದು ಕರೆಯುತ್ತಿದ್ದಳು ಎಂಬ ಮೂರು ಸಾಲುಗಳು ಉಳಿಯಲಿ. ಬೆಳೆದ ಮೇಲೆ ಬಂದು ಕೇಳಿದರೆ ತೆಗೆದುಕೊಡಲು ಇರಲಿ. ಲೇವಾದೇವಿಯವನ ಭಾಷೆಯಲ್ಲಿ ಹೇಳುವುದಾದರೆ ಅದು ಸಂಸ್ಥೆಯ ಆಸ್ತಿಯಲ್ಲ, ಮಗುವಿನ ಠೇವಣಿ.

ನಾಡು ಬಿಟ್ಟು ಬಂದು ಮರಾಠಿಯ ಊರುಗಳಲ್ಲಿ ನೆಲೆಸಿದ ನಮಗೆ ಈ ಮಾತು ಪರಕೀಯವಾಗಿ ತೋರಬಾರದು. ನಾವು ಹಸಿದು ಬಂದವರಲ್ಲ, ಮಾರಾಟವಾದವರಲ್ಲ. ಆದರೂ ಪರಸ್ಥಳದಲ್ಲಿ ತಮ್ಮ ಹೆಸರನ್ನು ಇನ್ನೊಬ್ಬರು ತಪ್ಪಾಗಿ ಬರೆದುಕೊಂಡಾಗ ತಿದ್ದಬೇಕೋ ಬಿಡಬೇಕೋ ಎಂದು ಒಂದು ಕ್ಷಣ ತಡೆದು ನಿಂತ ಅನುಭವ ನಮ್ಮಲ್ಲಿ ಯಾರಿಗಿಲ್ಲ? ಕನ್ನಡ ಸಂಘಗಳನ್ನು ನಾವು ಕಟ್ಟಿಕೊಂಡಿರುವುದೂ ನಮ್ಮ ಮಕ್ಕಳು ತಮ್ಮ ಹೆಸರನ್ನು ತಮ್ಮ ಲಿಪಿಯಲ್ಲಿ ಬರೆಯಬಲ್ಲವರಾಗಲಿ ಎಂದು. ಶರಣಪುರದ ಹುಡುಗನೊಬ್ಬ ಕಾಡಿನ ನಡುವೆ ಉಳಿ ಹಿಡಿದು ತನ್ನ ಹೆಸರನ್ನು ಬಿಟ್ಟು ಬೇರೆಯವರ ಹೆಸರನ್ನು ಕೆತ್ತಿದನು. ಅವನು ಬಿಟ್ಟ ಜಾಗದಲ್ಲಿ ಅವನ ಹೆಸರನ್ನು ಬರೆದಿಡುವ ಕೆಲಸ ಇತಿಹಾಸಕಾರನದು. ಅವನ ತಾಯಿ ಅವನನ್ನು ಕರೆಯುತ್ತಿದ್ದ ಹೆಸರಿಗಾಗಿ ಒಂದು ಸಾಲನ್ನು ಖಾಲಿಯಾಗಿಯೇ ಇಡುವುದು ನಮ್ಮ ಲೆಕ್ಕದ ಪ್ರಾಮಾಣಿಕತೆ.